ಮುತ್ಯಾನ ರೂಪಾಯಿಗೆ ಬೆಲೆ ಕಟ್ಟುವವರು ಯಾರು?

ನಿಜಾಮನ ಕಾಲದ ಒಂದು ಬೆಳ್ಳಿ ರೂಪಾಯಿಯನ್ನು ಉಮರ್ಗಾದ್ದೋ ನಿಲಂಗಾದ್ದೋ ಸರಾಫ ಅಂಗಡಿಗೆ ಒಯ್ದು ನೋಡಿ. ಸರಾಫ ಅದನ್ನು ಗಾಜಿನ ಮೇಲೆ ಠಣ್ ಎನಿಸುತ್ತಾನೆ, ತಕ್ಕಡಿಗೆ ಹಾಕುತ್ತಾನೆ, ಆಮೇಲೆ 'ಯವ್ವಾ, ಇದರಾಗ ಬೆಳ್ಳಿ ಕಮ್ಮಿ ಅದ' ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ನಮ್ಮ ಹಿರಿಯರು ಕಲದಾರ ಎನ್ನುತ್ತಿದ್ದ ಬ್ರಿಟಿಷರ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಹೈದರಾಬಾದ್ ಸಂಸ್ಥಾನದ ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಬೆಳ್ಳಿ 81.8 ಪಾಲು. ಒಂದೊಂದು ನಾಣ್ಯಕ್ಕೆ ಒಂದೂವರೆ ಗ್ರಾಂ ಬೆಳ್ಳಿಯ ಫರಕು. ಕಲದಾರದ ಮುಂದೆ ನಿಜಾಮನ ರೂಪಾಯಿ ಅಂದೂ ಸೋಲುತ್ತಿತ್ತು, ಇಂದೂ ಸೋಲುತ್ತದೆ.

ಆದರೆ ಸರಾಫ ನೋಡದೆ ಬಿಟ್ಟ ಸಂಗತಿಯೊಂದು ಅದೇ ನಾಣ್ಯದ ಮೇಲಿದೆ. ಅದನ್ನು ಬೆಳಕಿಗೆ ಹಿಡಿದು ಚಾರ್‌ಮಿನಾರಿನ ನಡುವಿನ ಕಮಾನಿನೊಳಗೆ ಕಣ್ಣು ಹಾಯಿಸಿ. ಅಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಉರ್ದು ಅಕ್ಷರವಿರುತ್ತದೆ. 'ಮೀಮ್' ಇದ್ದರೆ ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನನದು, 'ಐನ್' ಇದ್ದರೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನನದು. ಉಸ್ಮಾನ್ ಅಲಿ ಪಟ್ಟಕ್ಕೆ ಬಂದದ್ದು 1911ರಲ್ಲಿ. ಅವನ ಮೊದಮೊದಲ ನಾಣ್ಯಗಳಲ್ಲಿ ಈ ಐನ್ ಅರ್ಧವೇ ಮೂಡಿದೆ, ನಂತರದವುಗಳಲ್ಲಿ ಪೂರ್ತಿಯಾಗಿದೆ. ನಾಣ್ಯ ಸಂಗ್ರಹಿಸುವವರು ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಇದನ್ನೇ. ಅಕ್ಷರ ಅರ್ಧವೋ ಪೂರ್ತಿಯೋ, ಹಿಜರಿ ವರ್ಷ ಯಾವುದು, ಅಂಚು ಸವೆದಿದೆಯೇ, ಯಾರಾದರೂ ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದರೇ ಎಂಬುದನ್ನೆಲ್ಲ ನೋಡಿ ಅವರು ಬೆಲೆ ಹೇಳುತ್ತಾರೆ. ಬಹುಪಾಲು ಚಾರ್‌ಮಿನಾರ್ ರೂಪಾಯಿಗಳು ಅಪರೂಪದವೇನಲ್ಲ, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ಹೆಚ್ಚು. ಆದರೆ ಅಪರೂಪದ್ದು ಯಾವುದು, ಸಾಮಾನ್ಯದ್ದು ಯಾವುದು ಎಂದು ತಕ್ಕಡಿ ಹೇಳುವುದಿಲ್ಲ. ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿದಾಗಿನಿಂದ ಎರಡೂ ಒಂದೇ ಮೂಸೆಗೆ ಬೀಳುತ್ತಿವೆ.

ಸಾಸ್ತೂರ, ಉಮರ್ಗಾ, ನಿಲಂಗಾ, ಉದಗೀರದ ಕಡೆ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ಹಳೆಯ ದಫ್ತರಿನಲ್ಲಿ ಉರ್ದು. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು, ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಎಲ್ಲವೂ ನಿಜಾಮನ ರಾಜ್ಯವೇ. 1918ರಿಂದ ಆ ರಾಜ್ಯ ಅಚ್ಚು ಹಾಕಿಸಿದ ಕಾಗದದ ನೋಟುಗಳಲ್ಲಿ ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಕನ್ನಡ ಲಿಪಿಗಳಲ್ಲೂ ಬೆಲೆ ಬರೆದಿತ್ತು. ಹಳೆಯ ಪಂಚಾಂಗದ ನಡುವೆ ಮಡಚಿಟ್ಟ ಅಂಥ ಒಂದು ನೋಟು ಸಿಕ್ಕರೆ, ಒಂದು ಕಾಲದ ನಾಲ್ಕು ಭಾಷೆಯ ಸಂಸಾರವೇ ಕೈಗೆ ಸಿಕ್ಕಂತೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೂ ಉಸ್ಮಾನಿಯಾ ಸಿಕ್ಕಾ ಹನ್ನೊಂದು ವರ್ಷ ಭಾರತದ ರೂಪಾಯಿಯ ಪಕ್ಕದಲ್ಲೇ ಓಡಾಡಿತು. ಏಳು ನಿಜಾಮಿ ರೂಪಾಯಿಗೆ ಆರು ಕಲದಾರ ಎಂಬ ಲೆಕ್ಕ ಹಳಬರ ಬಾಯಲ್ಲಿತ್ತು. 1959ರಲ್ಲಿ ಚಲಾವಣೆ ನಿಂತಿತು. ಉಳಿದದ್ದು ಪೆಟ್ಟಿಗೆಯ ತಳ ಸೇರಿತು.

ಹರಾಜು ಎಂದರೆ ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಉದಗೀರ, ಲಾತೂರಿನ ಅಡತ ಬಜಾರಿನಲ್ಲಿ ತೊಗರಿ, ಸೋಯಾಬೀನ್ ರಾಶಿಯ ಮುಂದೆ ದಿನಾ ಸವಾಲು ನಡೆಯುತ್ತದೆ. ರೈತ ರಾಶಿ ಸುರಿಯುತ್ತಾನೆ, ಖರೀದಿದಾರ ಮುಷ್ಟಿ ಕಾಳು ಎತ್ತಿ ನೋಡುತ್ತಾನೆ, ಅಡತ್ಯಾ ಬೆಲೆ ಕೂಗುತ್ತಾನೆ, ಕೊನೆಗೆ ತನ್ನ ಕಮಿಷನ್ ಮುರಿದುಕೊಳ್ಳುತ್ತಾನೆ. ಪ್ರಾಚೀನ ವಸ್ತುಗಳ ಹರಾಜಿನ ಕೆಲಸವೂ ಹೆಚ್ಚುಕಡಿಮೆ ಹೀಗೇ. ಅಲ್ಲಿ ಪ್ರತಿ ವಸ್ತುವಿಗೂ ಒಂದು ಲಾಟ್ ಸಂಖ್ಯೆ ಇರುತ್ತದೆ. ಇಷ್ಟರಿಂದ ಇಷ್ಟಕ್ಕೆ ಹೋಗಬಹುದೆಂಬ ಅಂದಾಜನ್ನು ಕ್ಯಾಟಲಾಗಿನಲ್ಲಿ ಛಾಪಿಸಿರುತ್ತಾರೆ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವನು ಹೇಳಿಟ್ಟ ಗುಟ್ಟಿನ ಬೆಲೆ, ಅಂದರೆ ರಿಸರ್ವ್, ಬೇರೆ. ಕೂಗು ಅದನ್ನು ಮುಟ್ಟದಿದ್ದರೆ ವಸ್ತು ಮಾರಾಟವಾಗದೆ ವಾಪಸ್. ಮೊಘಲ ದೊರೆ ಜಹಾಂಗೀರನ 1000 ತೊಲೆಯ, ಸುಮಾರು 12 ಕಿಲೋ ತೂಕದ ಚಿನ್ನದ ಮೊಹರು ಹೈದರಾಬಾದಿನ ನಿಜಾಮರ ಮನೆತನದಲ್ಲಿತ್ತು. 1987ರಲ್ಲಿ ಜಿನೀವಾದ ಹರಾಜಿಗೆ ಬಂದಾಗ ಅದಕ್ಕೂ ಹಾಗೇ ಆಯಿತು, ನಿರೀಕ್ಷಿಸಿದ ಬೆಲೆ ಬಾರದೆ ಉಳಿದುಹೋಯಿತು. ಕೂಗು ಮುಗಿದು ಸುತ್ತಿಗೆ ಬಿದ್ದಾಗ ನಿಂತ ಬೆಲೆಯ ಮೇಲೆ ಹರಾಜು ಸಂಸ್ಥೆ ಕೊಳ್ಳುವವನಿಂದಲೂ ತನ್ನ ಪಾಲು ಸೇರಿಸಿ ವಸೂಲು ಮಾಡುತ್ತದೆ, ಮಾರಿದವನಿಂದಲೂ ಕಮಿಷನ್ ಮುರಿಯುತ್ತದೆ. ಪತ್ರಿಕೆಯಲ್ಲಿ ಓದುವ ಕೋಟಿಯ ಮೊತ್ತವೆಲ್ಲ ಮಾರಿದವನ ಕೈಗೆ ಹೋಗುವುದಿಲ್ಲ.

ತೊಗರಿಯ ಸವಾಲಿಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ತೊಗರಿ ಯಾವ ಹೊಲದ್ದು, ಬಿತ್ತಿದವರು ಯಾರು ಎಂದು ಅಡತಿಯಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲ ಪ್ರಶ್ನೆಯೇ ಅದು: ಇದು ಯಾರದಾಗಿತ್ತು, ಯಾರಿಂದ ಯಾರಿಗೆ ಬಂತು, ಹಾಗೆನ್ನಲು ಏನು ಪುರಾವೆ ಇದೆ? ಬೆಲೆಯ ದೊಡ್ಡ ಪಾಲು ಆ ಉತ್ತರಕ್ಕೆ ಸಲ್ಲುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಒಂದು ಸಣ್ಣ ಹರಾಜು ಸಂಸ್ಥೆಯಲ್ಲಿ 2020ರ ಆಗಸ್ಟಿನಲ್ಲಿ ನಡೆದದ್ದು ನೋಡಿ. ಸಂಸ್ಥೆಯ ಟಪಾಲು ಡಬ್ಬಿಯಲ್ಲಿ ಯಾರೋ ಒಂದು ಲಕೋಟೆ ಹಾಕಿ ಹೋಗಿದ್ದರು. ಒಳಗೆ ದುಂಡು ಗಾಜಿನ ಒಂದು ಹಳೆಯ ಕನ್ನಡಕ, ಜೊತೆಗೆ ಇದು ಗಾಂಧೀಜಿಯವರದು ಎಂಬ ಚೀಟಿ. ಚಿನ್ನದ ಲೇಪದ ಫ್ರೇಮು, ತೂಕಕ್ಕೆ ಹಾಕಿದರೆ ನಾಲ್ಕು ಕಾಸು. ವಿಚಾರಿಸಿದಾಗ ಮನೆಯ ಕಥೆ ಹೊರಬಂತು. ಆ ಮನೆಯ ಹಿರಿಯರೊಬ್ಬರು 1910ರಿಂದ 1930ರ ನಡುವೆ ದಕ್ಷಿಣ ಆಫ್ರಿಕಾದಲ್ಲಿ ಕೆಲಸದಲ್ಲಿದ್ದರು, ಕನ್ನಡಕ ಅವರಿಗೆ ಸ್ವತಃ ಗಾಂಧೀಜಿಯಿಂದ ಬಂದದ್ದೆಂದು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು. ಕನ್ನಡಕದ ಕಾಲಮಾನ, ಗಾಜಿನ ನಂಬರು ಆ ಮಾತಿಗೆ ಹೊಂದಿಕೊಂಡವು. ಹರಾಜುಗಾರರ ಅಂದಾಜು ಹೆಚ್ಚೆಂದರೆ 15 ಸಾವಿರ ಪೌಂಡು ಇತ್ತು, ಕೂಗು ನಿಂತದ್ದು 2 ಲಕ್ಷ 60 ಸಾವಿರ ಪೌಂಡಿಗೆ. ಮನೆಮಂದಿ ಆ ಮಾತನ್ನು ಒಬ್ಬರಿಂದೊಬ್ಬರಿಗೆ ದಾಟಿಸದೆ ಹೋಗಿದ್ದರೆ ಅದು ಕಸದ ಬುಟ್ಟಿಗೆ ಹೋಗುವ ಕನ್ನಡಕವೇ.

ಕರ್ನಾಟಕಕ್ಕೆ ಸೇರಿದ ದೊಡ್ಡ ಉದಾಹರಣೆಗಳು ಹೆಚ್ಚಾಗಿ 1799ರ ಮೇ ತಿಂಗಳಿಗೆ ಹೋಗಿ ನಿಲ್ಲುತ್ತವೆ. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅರಮನೆಯ ಸೊತ್ತಿಗೆ ಒಂದು ಸಮಿತಿ ಮಾಡಿ, ಪಾಲು ಹಂಚಿತು, ಅಲ್ಲೇ ಹರಾಜನ್ನೂ ಹಾಕಿತು. ಚಿನ್ನದ ಸಿಂಹಾಸನವನ್ನು ತುಂಡು ತುಂಡು ಮಾಡಿದರು. ಅದರ ಹುಲಿ ತಲೆಗಳು ಒಂದೊಂದು ಕಡೆ ಹೋದವು, ಈಗಲೂ ಲಂಡನ್ನಿನ ಹರಾಜುಗಳಲ್ಲಿ ಒಂದೊಂದಾಗಿ ತಲೆ ಎತ್ತುತ್ತವೆ. ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕ ಖಡ್ಗವನ್ನು ಸೈನ್ಯ ಮೇಜರ್ ಜನರಲ್ ಡೇವಿಡ್ ಬೇರ್ಡನಿಗೆ ಕಾಣಿಕೆ ಕೊಟ್ಟಿತು. 2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಅದೇ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು, ಅಂದಾಜು ಇದ್ದದ್ದು 15ರಿಂದ 20 ಲಕ್ಷ. ಇದಕ್ಕೂ ಹಿಂದೆ 2003ರಲ್ಲಿ ಟಿಪ್ಪುವಿನ ಖಡ್ಗವೊಂದನ್ನು ಉದ್ಯಮಿ ವಿಜಯ್ ಮಲ್ಯ ಲಂಡನ್ನಿನಲ್ಲಿ ಕೊಂಡು ತಂದಿದ್ದರು. ಅದು ಮನೆಗೆ ಆಗಿಬರಲಿಲ್ಲವೆಂದು ಯಾರಿಗೋ ಕೊಟ್ಟುಬಿಟ್ಟದ್ದಾಗಿ 2018ರಲ್ಲಿ ಹೇಳಿಕೆ ಬಂತು. ಜನರ ಕಣ್ಣಿಗೆ ಬೀಳುವ ಯಾವ ಮ್ಯೂಸಿಯಮ್ಮಿಗೂ ಅದು ಸೇರಿದ ಸುದ್ದಿಯಿಲ್ಲ. ಒಬ್ಬ ಶ್ರೀಮಂತ ಕೊಂಡು ತಂದರೆ ವಸ್ತು ದೇಶಕ್ಕೆ ಬಂದಂತಾಯಿತು ಎಂದು ಸಂಭ್ರಮಿಸುವವರು ಇದನ್ನು ನೆನಪಿಡಬೇಕು. ದೇಶಕ್ಕೆ ಬರುವುದು ಬೇರೆ, ಜನರಿಗೆ ಸೇರುವುದು ಬೇರೆ.

ಆ ದೃಷ್ಟಿಯಿಂದ ಮಹಾರಾಷ್ಟ್ರ ಸರ್ಕಾರ 2025ರಲ್ಲಿ ಮಾಡಿದ ಕೆಲಸ ನನಗೆ ಹಿಡಿಸಿತು. ನಾಗಪುರ ಭೋಸಲೆ ಮನೆತನದ ಮೂಲಪುರುಷ ಮೊದಲನೆಯ ರಘೂಜಿ ಭೋಸಲೆಯ ಖಡ್ಗ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಸಾದಬಿಸ್ ಹರಾಜಿಗೆ ಬಂದಾಗ ಸರ್ಕಾರವೇ ಮಧ್ಯವರ್ತಿಯ ಮೂಲಕ ಕೂಗಿ 47.15 ಲಕ್ಷ ರೂಪಾಯಿಗೆ ಕೊಂಡಿತು. ಆಗಸ್ಟಿನಲ್ಲಿ ಅದು ಮುಂಬೈಗೆ ಬಂತು.

ನಮ್ಮ ಅಟ್ಟಗಳಿಗೆ ಹತ್ತಿರವಾದ ಕಥೆ ಇನ್ನೊಂದಿದೆ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರಿನ ದಂಪತಿಗೆ ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಿಟ್ಟ ಶ್ರೀರಂಗಪಟ್ಟಣದ ಎಂಟು ವಸ್ತುಗಳು ಸಿಕ್ಕವು, ಬೆಳ್ಳಿ ಕಟ್ಟಿದ ಒಂದು ಕೋವಿಯೂ ಅದರಲ್ಲಿತ್ತು. ಕಂಪನಿಯ ಸೈನ್ಯದಲ್ಲಿ ಮೇಜರ್ ಆಗಿದ್ದ ಥಾಮಸ್ ಹಾರ್ಟ್ ಎಂಬ ತಮ್ಮ ಪೂರ್ವಿಕ ಅವನ್ನು ತಂದದ್ದೆಂಬ ಸಂಗತಿ ಮನೆತನದಲ್ಲಿ ಉಳಿದಿತ್ತು. ಒಟ್ಟು 1 ಲಕ್ಷ 7 ಸಾವಿರ ಪೌಂಡಿಗೆ ಹೋದವು, ಕೋವಿಯೊಂದಕ್ಕೇ 60 ಸಾವಿರ. ಲೂಟಿ ಮಾಡಿ ಒಯ್ದವರ ಮನೆಯಲ್ಲಿ ಲೂಟಿಯ ವಿವರ ಇನ್ನೂರಿಪ್ಪತ್ತು ವರ್ಷ ಭದ್ರವಾಗಿತ್ತು. ನಮ್ಮ ಮನೆಗಳಲ್ಲಿ ಮುತ್ತಜ್ಜಿಯ ಹೆಸರು ನೆನಪಿರುವುದೇ ಕಷ್ಟ.

ಸಾಸ್ತೂರಿನಲ್ಲಿ ಈ ಮರೆವಿಗೆ ಒಂದು ದಾರುಣ ಕಾರಣವೂ ಇದೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದ ಜನ ಮಲಗಿದ್ದರು. ನೆಲ ನಡುಗಿದ್ದು ಕೆಲವೇ ಸೆಕೆಂಡು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತಲೆಮಾರುಗಳಿಂದ ಹಾಕುತ್ತ ಬಂದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪಾಗಿದ್ದ ಅದೇ ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ಆ ಭೂಕಂಪದಲ್ಲಿ ಕಿಲ್ಲಾರಿಯ ಜೊತೆ ಅತಿ ಹೆಚ್ಚು ನೊಂದ ಊರುಗಳಲ್ಲಿ ಸಾಸ್ತೂರವೂ ಒಂದು. ಇಡೀ ಪ್ರದೇಶದಲ್ಲಿ ಸತ್ತವರ ಸಂಖ್ಯೆ ಹತ್ತಿರ ಹತ್ತಿರ 10 ಸಾವಿರ. ಹಿತ್ತಾಳೆಯ ಹಂಡೆ, ತಾಮ್ರದ ಕೊಡ, ದೇವರ ಬೆಳ್ಳಿಯ ಮುಖ ಮಣ್ಣಿನಡಿಯಿಂದ ನೆಗ್ಗಿಯಾದರೂ ಹೊರಬಂದವು. ಇದು ನನ್ನ ತವರಿನವರು ಕೊಟ್ಟದ್ದು, ಇದು ಮುತ್ಯಾ ಹೈದರಾಬಾದಿನಿಂದ ತಂದದ್ದು ಎಂದು ಹೇಳಬೇಕಾದವರು ಹೊರಬರಲಿಲ್ಲ.

ಆಮೇಲೆ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸಾಗಿಸಿ ಮನೆ ಕಟ್ಟಿಸಿಕೊಟ್ಟರು. ಹೊಲದ ಅಳತೆ ನೋಡಿ 250, 400, 750 ಚದರ ಅಡಿಯ ಮನೆಗಳು. ವಾಡೆಯಲ್ಲಿ ಬದುಕಿದವರ ನೂರು ಸೇರಿನ ಹಂಡೆಯನ್ನು 250 ಚದರ ಅಡಿಯಲ್ಲಿ ಎಲ್ಲಿಡುವುದು? ಮೋಡಕಾದವನು ಓಣಿಗೆ ಬಂದು ಕೂಗಿದಾಗ ಹಳೆಯ ಹಿತ್ತಾಳೆ ಕೊಟ್ಟು ಹೊಸ ಸ್ಟೀಲು ಕೊಳ್ಳುವುದು ಆ ಮನೆಯಾಕೆಗೆ ಬುದ್ಧಿವಂತಿಕೆಯ ವ್ಯವಹಾರವೇ ಆಗಿತ್ತು. ಅವಳನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಎಲ್ಲ ಕಳೆದುಕೊಂಡವರಿಗೆ ಬರಿಯ ನೆನಪಿಗಾಗಿ ಇಪ್ಪತ್ತು ಕಿಲೋ ಲೋಹ ಇಟ್ಟುಕೊಳ್ಳಿ ಎಂದು ಹೇಳುವುದು ಕ್ರೌರ್ಯ.

ಆದರೂ ಮೋಡಕಾದವನ ಗಂಟಿನೊಳಗೆ ಏನೇನು ಹೋಗುತ್ತದೆ ಎಂಬುದನ್ನು ಒಂದು ವಸ್ತುವಿನಿಂದ ಹೇಳುತ್ತೇನೆ. ನಮ್ಮ ಲಿಂಗಾಯತ ಮನೆಗಳ ಬೆಳ್ಳಿ ಕರಡಿಗೆ ಎಲ್ಲರೂ ನೋಡಿದ್ದೇ. ನಡುವೆ ಇಷ್ಟಲಿಂಗ ಕೂರುವ ಉಬ್ಬಿದ ಹೊಟ್ಟೆ, ಎರಡೂ ಬದಿಗೆ ಬಾಗಿದ ಮೊನೆ, ಮೊನೆಗಳಲ್ಲಿ ಶಿವದಾರ ಪೋಣಿಸುವ ಬಳೆ, ಮೇಲೆ ಬಿಗಿಯಾಗಿ ಕೂರುವ ಮುಚ್ಚಳ. ಒಳ್ಳೆಯ ಅಕ್ಕಸಾಲಿ ಮಾಡಿದ್ದಾದರೆ ಮುಚ್ಚಳದ ಸಂದು ಉಗುರಿಗೂ ತಾಕುವುದಿಲ್ಲ. ಹತ್ತಾರು ವರ್ಷ ಎದೆಯ ಮೇಲೆ ಆಡಿದ್ದರಿಂದ ಹಿಂಬದಿ ನುಣುಪಾಗಿರುತ್ತದೆ, ಮುಂಬದಿಯ ಚಿತ್ತಾರ ಮಾತ್ರ ಉಳಿದಿರುತ್ತದೆ. ತೊಟ್ಟವರು ತೀರಿಕೊಂಡಾಗ ಇಷ್ಟಲಿಂಗ ಅವರ ಜೊತೆಗೇ ಸಮಾಧಿಗೆ ಹೋಗುತ್ತದೆ, ಕರಡಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಉಳಿಯುತ್ತದೆ. ಇಂಥ ಕರಡಿಗೆಗಳು ಯುರೋಪು, ಅಮೆರಿಕದ ಹರಾಜು ಕ್ಯಾಟಲಾಗುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ದಕ್ಷಿಣ ಭಾರತ, 19ನೇ ಶತಮಾನ ಎಂಬ ಒಂದು ಸಾಲು, ಅಳತೆ, ತೂಕ, ಅಷ್ಟೇ. ಖಡ್ಗ ಹಿಡಿದ ವೀರಭದ್ರನ ಹಿತ್ತಾಳೆ, ಕಂಚಿನ ಫಲಕಗಳದೂ ಇದೇ ಗತಿ. ಯಾವ ಊರಿನ ಯಾವ ದೇವರ ಮನೆಯಿಂದ ಎದ್ದು ಬಂದವೆಂದು ಯಾರಿಗೂ ಗೊತ್ತಿಲ್ಲ.

ಪೂಜೆಯ ವಸ್ತುವನ್ನು ಹರಾಜಿಗೆ ಇಡಬಹುದೇ ಎಂಬ ಪ್ರಶ್ನೆ 2025ರ ಮೇ ತಿಂಗಳಲ್ಲಿ ಜಗತ್ತಿನ ಮುಂದೆ ಬಂತು. ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ 1898ರಲ್ಲಿ ಡಬ್ಲ್ಯು.ಸಿ. ಪೆಪ್ಪೆ ಅಗೆದು ತೆಗೆದ, ಬುದ್ಧನ ಅಸ್ಥಿಯ ಜೊತೆ ಇದ್ದ ರತ್ನಗಳನ್ನು ಅವನ ವಂಶಸ್ಥರು ಹಾಂಗ್‌ಕಾಂಗಿನಲ್ಲಿ ಹರಾಜಿಗೆ ಇಟ್ಟಿದ್ದರು. ಭಾರತ ಸರ್ಕಾರ ಆಕ್ಷೇಪ ಎತ್ತಿತು, ಹರಾಜು ಮುಂದಕ್ಕೆ ಹೋಯಿತು. ಕೊನೆಗೆ ಗೋದ್ರೆಜ್ ಸಮೂಹದ ನೆರವಿನಿಂದ ಜುಲೈ 30ಕ್ಕೆ ರತ್ನಗಳು ಭಾರತಕ್ಕೆ ಮರಳಿದವು. ನನ್ನ ಮಟ್ಟಿಗೆ ಉತ್ತರ ಸರಳ. ಪೂಜೆ ನಡೆದ ಮೂರ್ತಿಯನ್ನು ಮಾರುವ ಅಧಿಕಾರ ಒಂದು ತಲೆಮಾರಿಗೆ ಇಲ್ಲ. ಇಟ್ಟುಕೊಳ್ಳಲಾಗದಿದ್ದರೆ ಊರಿನ ಗುಡಿಗೆ, ಮಠಕ್ಕೆ, ಇಲ್ಲವೇ ಸರ್ಕಾರಿ ಮ್ಯೂಸಿಯಮ್ಮಿಗೆ ಕೊಡಬೇಕು.

ಕಾನೂನಿನ ವಿಷಯ ಬಂದರೆ ಜನ ಹೆದರುತ್ತಾರೆ, ಹೆದರಿಕೆಯಿಂದಲೇ ಕದ್ದು ಮಾರುತ್ತಾರೆ. ಇರುವುದಿಷ್ಟು. 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಮೂರ್ತಿ, ಚಿತ್ರ, ನಾಣ್ಯ, ಶಾಸನ, ಕಲಾಕೃತಿಗಳು ಪ್ರಾಚೀನ ವಸ್ತುಗಳು. ಕೈಬರಹದ ಗ್ರಂಥಗಳಿಗೆ 75 ವರ್ಷ ಸಾಕು. ಇವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಮೂರ್ತಿ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿಯಂಥ ಕೆಲವು ಬಗೆಯವನ್ನು ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಬೇಕು, ನೋಂದಾಯಿಸಿದ ಮೇಲೂ ಅವು ನಿಮ್ಮವೇ. ದೇಶದೊಳಗೆ ಮಾರಲು ಅಡ್ಡಿಯಿಲ್ಲ, ಆದರೆ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಇರಲೇಬೇಕು, ಹೊಸ ಒಡೆಯನ ವಿವರ ಅಧಿಕಾರಿಗೆ ತಿಳಿಸಬೇಕು. ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಮುಂಬೈ, ಬೆಂಗಳೂರಿನ ನಾಣ್ಯ ಹರಾಜುಗಳ ಕ್ಯಾಟಲಾಗಿನಲ್ಲಿ ಹಳೆಯ ನಾಣ್ಯದ ಮುಂದೆ ರಫ್ತಿಗಲ್ಲ ಎಂದು ಬರೆದಿರುವುದು ಇದಕ್ಕೇ.

ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕದ್ದು ಬೇರೆ ಮಾತು. ಅದಕ್ಕೆ 1878ರ ನಿಧಿ ಕಾಯ್ದೆ ಇದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಏನೇ ಸಿಕ್ಕರೂ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಸಿಕ್ಕವನ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ತಿಳಿಸಿದರೆ, ಹಕ್ಕುದಾರರು ಯಾರೂ ಬಾರದಿದ್ದಾಗ, ಬೇರೆ ಒಪ್ಪಂದವಿಲ್ಲದಿದ್ದರೆ ಸಿಕ್ಕವನಿಗೆ ನಾಲ್ಕರಲ್ಲಿ ಮೂರು ಪಾಲು, ಜಮೀನಿನ ಒಡೆಯನಿಗೆ ಒಂದು ಪಾಲು. ಸರ್ಕಾರ ತಾನೇ ಇಟ್ಟುಕೊಳ್ಳಬೇಕೆಂದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಹುಲಿಯುಗುರು, ಜಿಂಕೆ ಕೋಡು ಅಜ್ಜನ ಕಾಲದ್ದೇ ಆಗಿರಲಿ, ಮಾರುವ ಯೋಚನೆಯನ್ನೇ ಮಾಡಬೇಡಿ. ಕುತ್ತಿಗೆಯ ಹುಲಿಯುಗುರಿನ ಲಾಕೆಟ್ ಕಾರಣಕ್ಕೆ 2023ರ ಅಕ್ಟೋಬರಿನಲ್ಲಿ ಕನ್ನಡದ ಟಿವಿ ಸ್ಪರ್ಧಿಯೊಬ್ಬರ ಬಂಧನವಾದದ್ದು ನೆನಪಿರಬಹುದು.

ಈಗ ನಮ್ಮ ಹಳ್ಳಿಗಳನ್ನು ಹೆಚ್ಚು ಹಾಳು ಮಾಡುತ್ತಿರುವುದು ಮೊಬೈಲಿನ ಹರಾಜು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಲಕ್ಷ, ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ ಎಂಬ ವಿಡಿಯೊಗಳು. ಫೋನ್ ಮಾಡಿದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ಟ್ಯಾಕ್ಸು, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್. ಹಳೆಯ ನೋಟು, ನಾಣ್ಯದ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿದೆ. ಅಕ್ಕಿ ಎಳೆಯುವ ಪವಾಡದ ಚೊಂಬು, 'ರೈಸ್ ಪುಲ್ಲರ್' ಎಂಬ ಮೋಸಕ್ಕೆ ಹೊಲ ಮಾರಿ ದುಡ್ಡು ಕಟ್ಟಿದವರಿದ್ದಾರೆ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ನಿಜವಾದ ಹರಾಜು ಸಂಸ್ಥೆ ಮಾರಾಟವಾದ ಮೇಲೆ ತನ್ನ ಕಮಿಷನ್ ಮುರಿದುಕೊಳ್ಳುತ್ತದೆ. ಮೊದಲೇ ದುಡ್ಡು ಕೇಳಿದವನು ಕೊಳ್ಳಲು ಬಂದವನಲ್ಲ.

ಇನ್ನು ನಮ್ಮದೇ ಕೈಯಿಂದ ಆಗುವ ನಷ್ಟ. ಹಬ್ಬ ಬಂತೆಂದರೆ ಹುಣಸೆಹಣ್ಣು, ಬೂದಿ ಹಚ್ಚಿ ಹಳೆಯ ನಾಣ್ಯವನ್ನೂ ತಿಕ್ಕಿ ಫಳಫಳ ಹೊಳೆಸುತ್ತೇವೆ. ನಾಣ್ಯದ ಮೇಲೆ ಕಾಲ ಕೂರಿಸಿದ ಕಪ್ಪು ಹೋದರೆ ಸಂಗ್ರಹಕಾರನ ಲೆಕ್ಕದಲ್ಲಿ ಅರ್ಧ ಬೆಲೆಯೂ ಹೋಯಿತು. ಬಿದರಿ ಸಾಮಾನಿಗಂತೂ ತಿಕ್ಕುವುದು ಮರಣವೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಲ್ಲಿ ನವಸಾಗರದೊಡನೆ ಕುದಿಸಿದಾಗ ಆ ಕಪ್ಪು ಬರುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣಿನ ಕಪ್ಪೇ ಬಿದರಿಯ ಜೀವ. ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹದಿನೇಳು, ಹದಿನೆಂಟನೇ ಶತಮಾನದ ಬಿದರಿ ಹುಕ್ಕಾ ಬುಡಗಳು ಲಂಡನ್ನಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತವೆ. ಉದಗೀರದಿಂದ ಬೀದರ್ ಎಷ್ಟು ದೂರ?

ಮಾರದೆ ಉಳಿಸಿದವರ ಮಾತು ಹೇಳದೆ ಈ ಲೇಖನ ಮುಗಿಸಲಾರೆ. ಇದೇ ಧಾರಾಶಿವ ಜಿಲ್ಲೆಯ ತೇರ ಊರು ಗೋರಾ ಕುಂಬಾರನ ಊರೆಂದು ವಾರಕರಿಗಳಿಗೆ ಪರಿಚಿತ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ತಗರ ಎಂಬ ವ್ಯಾಪಾರದ ಪಟ್ಟಣ ಇದೇ ತೇರ ಎಂದು ಗುರುತಿಸಿದವರು ಜೆ.ಎಫ್. ಫ್ಲೀಟ್, ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ ಅದೇ ಫ್ಲೀಟ್. ಆ ಊರಿನ ದಿಬ್ಬಗಳಲ್ಲಿ ಮಳೆ ಬಿದ್ದರೆ ಸಾಕು, ಶಾತವಾಹನರ ಕಾಲದ ಮಣಿ, ನಾಣ್ಯ, ಸುಟ್ಟ ಮಣ್ಣಿನ ಬೊಂಬೆಗಳು ಮೇಲೆ ಬರುತ್ತಿದ್ದವು. ರಾಮಲಿಂಗಪ್ಪ ಲಾಮತೂರೆ ಎಂಬ ಆ ಊರಿನವರೇ ಅವನ್ನು ಒಂದೊಂದಾಗಿ ಕೂಡಿಹಾಕಿದರು. ಪುರಾತತ್ವದ ಡಿಗ್ರಿ ಇರಲಿಲ್ಲ, ಸರ್ಕಾರಿ ಸಂಬಳ ಇರಲಿಲ್ಲ. ಅವರ ಸಂಗ್ರಹದಲ್ಲಿ ಆನೆದಂತದ ಒಂದು ಪುಟ್ಟ ಹೆಣ್ಣಿನ ಬೊಂಬೆ ಇತ್ತು. ಇಟಲಿಯ ಪಾಂಪೆಯಲ್ಲಿ ಜ್ವಾಲಾಮುಖಿಯ ಬೂದಿಯಡಿ 1938ರಲ್ಲಿ ಸಿಕ್ಕ ಭಾರತದ ದಂತದ ಬೊಂಬೆಗೆ ಅದು ಒಡಹುಟ್ಟಿದಂತಿದೆ. ತೇರದಿಂದ ಸಮುದ್ರ ದಾಟಿ ರೋಮಿನವರೆಗೆ ನಡೆದ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹರಾಜಿಗೆ ಇಟ್ಟಿದ್ದರೆ ಆ ಒಂದು ಬೊಂಬೆಗೇ ಎಷ್ಟು ಕೂಗು ಏಳುತ್ತಿತ್ತೋ. ಸಾವಿರಾರು ವಸ್ತುಗಳ ಆ ಸಂಗ್ರಹ ಊರು ಬಿಟ್ಟು ಹೋಗಲಿಲ್ಲ. ಇವತ್ತು ಅದು ತೇರದಲ್ಲೇ, ಅವರ ಹೆಸರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಸಾಸ್ತೂರ, ಉಮರ್ಗಾದ ಶಾಲೆಗಳು ಪ್ರವಾಸಕ್ಕೆ ಎಲ್ಲೆಲ್ಲಿಗೋ ಹೋಗುತ್ತವೆ. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಎಲ್ಲರೂ ಲಾಮತೂರೆಯವರಾಗಬೇಕಿಲ್ಲ. ಮನೆಯಲ್ಲಿ ಹಳೆಯದೇನಿದ್ದರೂ ಮಾರುವ ಮೊದಲು, ಕರಗಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ಉಳಿದಿರುವ ಹಿರಿಯರ ಪಕ್ಕ ಕೂತು, ಇದು ಯಾರದು, ಯಾವ ಊರಿಂದ ಬಂತು, ಯಾರ ಮದುವೆಗೆ ಬಂತು, ಯಾವ ದಿನ ಹೊರಗೆ ತೆಗೆಯುತ್ತಿದ್ದರು ಎಂದು ಕೇಳಿ ಬರೆಯಿರಿ, ಕನ್ನಡವೋ ಮರಾಠಿಯೋ ಬಂದ ಭಾಷೆಯಲ್ಲಿ. ಮೊಬೈಲಿನಲ್ಲಿ ಮುಂದೆ ಹಿಂದೆ ಎರಡು ಫೋಟೊ ತೆಗೆದು, ಅಳತೆ, ತೂಕ ಸೇರಿಸಿ. ಮಾರಲೇಬೇಕಾದ ಕಷ್ಟ ಬಂದರೆ ಲೈಸೆನ್ಸ್ ಇರುವವರಿಗೇ ತೋರಿಸಿ, ಒಬ್ಬರ ಮಾತಿಗೆ ಒಪ್ಪದೆ ಇನ್ನೊಬ್ಬರನ್ನು ಕೇಳಿ, ಆ ಹಾಳೆಯ ಒಂದು ಪ್ರತಿಯನ್ನು ವಸ್ತುವಿನ ಜೊತೆ ಕೊಡಿ, ಇನ್ನೊಂದನ್ನು ಮನೆಯಲ್ಲಿಡಿ. 1993ಕ್ಕೆ ಮೊದಲಿನ ಸಾಸ್ತೂರನ್ನು ಕಂಡು ಬೆಳೆದವರಿಗೆ ಈಗ ವಯಸ್ಸಾಗಿದೆ. ಈ ದೀಪಾವಳಿಗೆ ಅಟ್ಟದ ಹಿತ್ತಾಳೆ ಕೆಳಗಿಳಿಸುವಾಗಲೇ ಅವರನ್ನು ಕೇಳಿಬಿಡಿ.